ಏಳು ಸೆಂಟ್ಸ್

ಹತ್ತೊಂಬತ್ತು ವರ್ಷ
ಕಟಪಾಡಿ–ಶಿರ್ವ ಬಸ್ಸಲ್ಲಿ ಸೀಟಿ ಊದಿದವ ನಾನು.
ಯಾವ ಸ್ಟಾಪಿನಲ್ಲಿ ಯಾರು ಇಳಿಯುತ್ತಾರೆ,
ಯಾರ ಚಿಲ್ಲರೆ ಯಾವತ್ತೂ ಎಂಟಾಣೆ ಕಮ್ಮಿ,
ಕಣ್ಣು ಮುಚ್ಚಿ ಹೇಳುತ್ತಿದ್ದೆ.
ಈಗಲೂ ಕಣ್ಣು ಮುಚ್ಚಿಯೇ ಹೇಳುತ್ತೇನೆ:
ಪೇಟೆ ಬದಿ ಸೆಂಟ್ಸಿಗೆ ಆರು,
ಒಳಗೆ ಹೋದರೆ ಮೂರೂವರೆ,
ಬಂಟಕಲ್ಲು ದಾಟಿ ಲಾರಿ ತಿರುಗುವ ದಾರಿ ಇದ್ದರೆ ಮೂರು,
ಬೈಕು ಮಾತ್ರ ಹೋಗುವುದಾದರೆ
ನೋಡುವ, ಕೂತು ಮಾತಾಡುವ.

ಶಂಕರಪುರದ ಮಲ್ಲಿಗೆಗೆ ದಿನಾ ಹೊಸ ರೇಟು,
ಅಟ್ಟೆಗೆ ಇಷ್ಟು ಅಂತ.
ಸಂಜೆಗೆ ಬಾಡುತ್ತದೆ, ಹೂವೂ ರೇಟೂ.
ಮಣ್ಣಿನ ರೇಟು ಬಾಡುವುದಿಲ್ಲ.
ಕೇಳುವವರಿಲ್ಲದೆ ಐದು ವರ್ಷ ಬಿದ್ದಿದ್ದರೂ
ಏರಿದೆ ಎಂದೇ ಹೇಳುತ್ತೇವೆ.
ಹೊಸ ಕಾಂಪ್ಲೆಕ್ಸಿಗೆ ಹೋಗಿ ನೋಡಿ:
ಕೆಳಗೆ ಹನ್ನೆರಡು ಶಟರು, ತೆರೆದದ್ದು ಎರಡು.
ಒಂದು ಝೆರಾಕ್ಸು, ಇನ್ನೊಂದು ನನ್ನದೇ ಆಫೀಸು,
ಮೂರು ತಿಂಗಳ ಬಾಡಿಗೆ ಬಾಕಿ.

ಕುಂಟಲಕಟ್ಟೆ ಸ್ಟಾಪಿನ ಹಿಂದೆ
ಲಿಗೋರಿ ಮಥಾಯಸರ ಏಳು ಸೆಂಟ್ಸ್.
ಪಹಣಿಯಲ್ಲಿ ಮಜಲು, ಕನ್ವರ್ಷನ್ ಆಗಿದೆ,
ನೆಲದ ಮೇಲೆ ವಾಲಿಬಾಲ್ ಕೋರ್ಟು,
ಯಾವ ಕಾಗದದಲ್ಲೂ ಇಲ್ಲದ್ದು.
ನೆಟ್ಟಿನ ಕಂಬ ಎರಡೂ ಗುಜರಿಗೆ ಹೋದ ನಮ್ಮ ಬಸ್ಸಿನ ಪೈಪು,
ನಾನೇ ಹೊತ್ತು ತಂದದ್ದು. ನಿಂತು ಬಂದವರ ಕೈ ಸವೆಸಿದ ಹೊಳಪು
ಮಳೆಗೂ ಹೋಗಿಲ್ಲ.
‘ಮಾರಿಕೊಡು ಐತಪ್ಪ’ ಎಂದರು.
ಕಾರಣ ಕೇಳುವುದು ಬ್ರೋಕರನ ಧರ್ಮವಲ್ಲ.
ಮಣಿಪಾಲದ ಪಾರ್ಟಿ ಬಂತು, ಟೈಲ್ಸಿನ ಗೋಡೌನಿಗೆ.
ಟೇಪು ಹಿಡಿದು ನಡೆದೆ. ಸರ್ವಿಸ್ ಗೆರೆಯ ಹತ್ತಿರ
ಯಾವುದೋ ಮಗುವಿನ ಚಪ್ಪಲಿ, ಒಂದೇ ಕಾಲಿನದು.
ಅದರ ಮೇಲೆಯೇ ಟೇಪು ಎಳೆದೆ.

ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿತ್ತು.
ಬಡಿಸುವಾಗ ಹೆಂಡತಿ ಏನೂ ಹೇಳಲಿಲ್ಲ.
ಸಾರು ಹಾಕಲಿಲ್ಲ, ಅಷ್ಟೆ.

ಮೀಟಿಂಗು ಕೋರ್ಟಿನಲ್ಲೇ;
ನೆಟ್ಟಿನ ಆಚೆ ಹೆಂಗಸರು, ಈಚೆ ನಾವು.
ಕ್ಲಬ್ಬಿನ ನೋಂದಣಿ ನವೀಕರಿಸದೆ ಹನ್ನೊಂದು ವರ್ಷ,
ಅಧ್ಯಕ್ಷರು ಮಸ್ಕತ್ತಿನಲ್ಲಿ, ರಸೀದಿ ಪುಸ್ತಕ ಗೆದ್ದಲಿನ ಹೊಟ್ಟೆಯಲ್ಲಿ.
‘ಹಾಗಾದರೆ ನಮ್ಮನಮ್ಮ ಹೆಸರಲ್ಲೇ ತಗೊಳ್ಳುವ’
ಎಂದದ್ದು ವಾರಿಜಕ್ಕ, ಒಮ್ಮೆಯೂ ಚೆಂಡು ಮುಟ್ಟದವಳು.
‘ನನ್ನ ಮೊಮ್ಮಗಳ ಸ್ಮಾಶ್ ನೋಡಿದ್ದೀಯಾ?
ಎಲ್ಲಿ ಹೊಡೆಯಬೇಕು ಅವಳು, ನಿನ್ನ ಆಫೀಸಿನಲ್ಲಾ?’
ಬೀಡಿಯ ಬೋನಸ್ಸು, ಹೂವಿನ ದುಡ್ಡಿನ ಚೀಟಿ,
ಹಸನಬ್ಬ ಮೀನಿನ ಟೆಂಪೋದ ಕಂತು ಮುಂದೂಡಿ ಕೊಟ್ಟದ್ದು.
ಪಾರ್ಟಿ ಹೇಳಿದ್ದಕ್ಕಿಂತ ಎಪ್ಪತ್ತು ಸಾವಿರ ಕಮ್ಮಿ ಆಯಿತು.
ಲಿಗೋರಿಯವರು ಎಣಿಸದೆ ಒಳಗಿಟ್ಟರು.
ಸ್ವಲ್ಪ ಹೊತ್ತು ಬಿಟ್ಟು ಹೊರಗೆ ತಂದು ಎಣಿಸಿದರು.

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ
ಮೂವತ್ತೊಂದು ಹೆಸರು, ಮೂವತ್ತೊಂದು ಹೆಬ್ಬೆಟ್ಟು.
ಸರ್ವರ್ ಎರಡು ಸಲ ಸತ್ತು ಎರಡು ಸಲ ಎದ್ದಿತು.
ಊಟದ ಹೊತ್ತಿಗೆ ಯಂತ್ರ ವಾರಿಜಕ್ಕನನ್ನು ಒಪ್ಪಲಿಲ್ಲ.
ನಲವತ್ತು ವರ್ಷ ಎಲೆ ಸುತ್ತಿದ ಬೆರಳು,
ಗೆರೆಯೆಲ್ಲ ಬೀಡಿಯ ಜೊತೆ ಹೋಗಿದೆ.
ಒರೆಸಿದರು, ಒತ್ತಿದರು, ತೆಂಗಿನೆಣ್ಣೆ ಸವರಿದರು.
ಅವ್ವಮ್ಮನದೂ ಹಾಗೆ. ಗಿರಿಜೆಯದೂ.
‘ನೀವು ಇದ್ದೀರಿ ಅನ್ನುವುದಕ್ಕೆ ಗುರುತೇ ಇಲ್ಲವಲ್ಲ’ ಎಂದ ಗುಮಾಸ್ತ.
‘ಇದ್ದೇವೆ. ಇಳಿಯುವುದಿಲ್ಲ’ ಎಂದಳು ವಾರಿಜಕ್ಕ,
ಸೀಟಿಗಾಗಿ ನನ್ನ ಬಸ್ಸಿನಲ್ಲಿ ಜಗಳವಾಡುತ್ತಿದ್ದ ಅದೇ ದನಿಯಲ್ಲಿ.
ಕೊನೆಗೆ ಕಿರುಬೆರಳು ಹೊಂದಿತು.
ಮರೆತು, ಕಚೇರಿಯೊಳಗೇ, ‘ರೈಟ್!’ ಎಂದುಬಿಟ್ಟೆ.

ಕಮಿಷನ್ ತೆಗೆದುಕೊಂಡೆ, ಸುಳ್ಳು ಯಾಕೆ.
ಎರಡರ ಜಾಗದಲ್ಲಿ ಒಂದು ಪರ್ಸೆಂಟು,
ಅದರಲ್ಲೇ ಹೊಸ ನೆಟ್ಟು.
ಮನೆಯಲ್ಲಿ ಸಾರು ಬಂತು. ಉಪ್ಪು ಕಮ್ಮಿ.

ಮೊನ್ನೆ ಕೋರ್ಟಿನ ಪಕ್ಕದ ಹದಿನೈದು ಸೆಂಟ್ಸಿಗೆ ಬೋರ್ಡು ಬರೆಸಿದೆ:
ಬತ್ತದ ಬಾವಿ, ಬಸ್ ಸ್ಟಾಪಿಗೆ ಎರಡು ನಿಮಿಷ,
ಮಕ್ಕಳಿಗೆ ಆಟದ ಮೈದಾನ ಬಗಲಲ್ಲೇ.
ಸೆಂಟ್ಸಿಗೆ ಮೂವತ್ತು ಸಾವಿರ ಏರಿಸಿದೆ.
ಜಾಗ ನೋಡಲು ಬಂದವರ ಕಾರಿನ ಬಾನೆಟ್ಟಿಗೆ
ಚೆಂಡು ಹಾರಿ ಬಂದು ಬಿತ್ತು.
‘ದಿನಾ ಹೀಗೆಯಾ?’
‘ದಿನಾ. ಮಳೆ ಬಂದರೂ.’
ಎತ್ತಿ ಆಚೆ ಎಸೆದೆ.
ಬೆಲೆ ಇಳಿಸಲಿಲ್ಲ.