ಹೆಸರು ಬಿಡಿಸಿ ಹೇಳಿ

ಇಪ್ಪತ್ತೆರಡು ಕೀಲಿ ನನ್ನ ಯಂತ್ರಕ್ಕೆ.
ಒಂದರ ಮೇಲೂ ಅಕ್ಷರವಿಲ್ಲ.
ಮೂವತ್ತೊಂದು ವರ್ಷದಿಂದ ಲಿಂಕನ್ನಿನ ಶಾಸನಸಭೆಯ
ಇದೇ ಮೂಲೆಯಲ್ಲಿ ಕೂತು
ಇನ್ನೊಬ್ಬರ ಮಾತನ್ನು ಬೆರಳಿಗಿಳಿಸಿಕೊಳ್ಳುತ್ತೇನೆ:
ಜೋಳದ ಸುಂಕ, ಹಂದಿದೊಡ್ಡಿಯ ನಾತ,
ಹೆದ್ದಾರಿಗೆ ಯಾರ ಹೆಸರಿಡಬೇಕೆಂಬ ಜಗಳ.
ಅಭಿಪ್ರಾಯಕ್ಕೆ ನನಗೆ ಸಂಬಳವಿಲ್ಲ.

ಇವತ್ತು ದಾಖಲೆ ಇಲ್ಲದ ಮಕ್ಕಳ ಮಸೂದೆ.
ದಾಖಲೆ ಇಲ್ಲದವರನ್ನು ದಾಖಲಿಸುವುದು ನನ್ನ ಕೆಲಸ.
ನಗು ಬಂತು, ನಗಲಿಲ್ಲ.
ಓದು ಮುಗಿಸಿದವರಿಗೆ ನರ್ಸಿನ ಪರವಾನಗಿ
ಕೊಡಬೇಕೋ ಬೇಡವೋ.
ಒಬ್ಬೊಬ್ಬರಿಗೆ ಮೂರು ನಿಮಿಷ.
ಮೇಜಿನ ಮೇಲೆ ಹಸಿರು ದೀಪ, ಹಳದಿ, ಕೆಂಪು.

ಮೊದಲು ಬಂದವರು ಓರ್ವಿಲ್ ಥೀಸನ್,
ನೂರ ನಲವತ್ತು ಮೈಲಿ ತಾವೇ ಗಾಡಿ ಓಡಿಸಿಕೊಂಡು.
"ನನಗೆ ಯಾರ ಮೇಲೂ ಹಗೆಯಿಲ್ಲ."
ಹೀಗೆ ಶುರುಮಾಡುವವರನ್ನು ಬಹಳ ಕೇಳಿದ್ದೇನೆ;
ಆದರೆ ಇವರ ಕೈಯ ಚೀಟಿ ನಡುಗುತ್ತಿತ್ತು.
ಮೊಮ್ಮಗಳು ಸಾಲ ಮಾಡಿ ಓದುತ್ತಿದ್ದಾಳೆ,
ಸರದಿಯಲ್ಲಿ ನಿಂತವರಿಗೆ ಏನು ಹೇಳೋಣ,
ಬಾಗಿಲು ಅಂದಮೇಲೆ ಚಿಲಕ ಬೇಡವೇ?
ಪ್ರಶ್ನೆ ಪ್ರಶ್ನೆಯೇ. ಬರೆದುಕೊಂಡೆ.
ಚೀಟಿಯ ನಡುಕಕ್ಕೆ ಕೀಲಿಯಿಲ್ಲ.

ಆಮೇಲೆ ಆ ಹುಡುಗಿ.
ಇಸ್ತ್ರಿಯ ಗೆರೆ ಆರದ ಬಿಳಿ ಅಂಗಿ,
ತೋಳಿನಡಿ ಕೀಳಲು ಮರೆತ ಬೆಲೆಚೀಟಿ.
ಅಧ್ಯಕ್ಷರು ಎಲ್ಲರಿಗೂ ಹೇಳುವುದನ್ನೇ ಹೇಳಿದರು:
ದಾಖಲೆಗಾಗಿ ನಿಮ್ಮ ಹೆಸರು ಹೇಳಿ, ಬಿಡಿಸಿ ಹೇಳಿ.

ಅವಳು ಹಿಂದೆ ತಿರುಗಿದಳು.
ಕೊನೆಯ ಸಾಲಿನಲ್ಲಿ ಅವಳ ತಾಯಿ
(ಮಾಂಸದ ಕಾರ್ಖಾನೆಯ ಗರಗಸ ತೊಳೆದು
ರಾತ್ರಿಪಾಳಿಯಿಂದ ಹಾಗೇ ಬಂದಿರಬೇಕು, ಕಣ್ಣು ಕೆಂಡ)
ಬೇಡ ಎಂದು ತಲೆಯಾಡಿಸುತ್ತಿದ್ದಾಳೆ,
ಎಷ್ಟು ಮೆಲ್ಲಗೆಂದರೆ
ಕತ್ತು ಹಿಡಿದುಕೊಂಡಿದೆಯೇನೋ ಅನ್ನಬೇಕು.
ಹದಿನೆಂಟು ವರ್ಷ ಒಂದು ಹೆಸರನ್ನು
ಬಾಡಿಗೆ ಚೀಟಿಗೂ ತಾಗದ ಹಾಗೆ ಸಾಕಿದವಳು.
ಇಲ್ಲಿ ನಾನು ಬೆರಳೂರಿ ಕಾದು ಕೂತಿದ್ದೇನೆ.

ಹಸಿರು ದೀಪ.
ನಾಲ್ಕು ಸೆಕೆಂಡು. ಐದು.
ಮೌನವನ್ನು ನಾವು ಬರೆಯುವುದಿಲ್ಲ.
ಮುಂದೆ ಕಡತ ತೆರೆದವರಿಗೆ
ಅವಳು ತಟ್ಟನೆ ಉತ್ತರಿಸಿದಂತೆಯೇ ಕಾಣುತ್ತದೆ.

"ನಯೇಲಿ ತೆಕೂನ್."
ಒಂದೊಂದೇ ಅಕ್ಷರ, ಹೆಪ್ಪುಗಟ್ಟಿದ ಕೆರೆಯ ಮೇಲೆ
ಹೆಜ್ಜೆಯಿಟ್ಟು ನೋಡುವ ಹಾಗೆ.
"ಯು ಮೇಲೊಂದು ಗೀಟು ಇದೆ," ಎಂದಳು
ನನ್ನ ಕಡೆಗೇ ನೋಡಿ.
ಯಂತ್ರದ ಹಿಂದೊಂದು ಮುಖವಿದೆಯೆಂದು
ಇಲ್ಲಿ ಮಾತಾಡಿದವರು ಕಡಿಮೆ.

ನಮ್ಮಜ್ಜಿಯ ಹೆಸರಿಗೂ ಒಂದು ಗೀಟಿತ್ತು.
ಬೊಹೀಮಿಯಾದಿಂದ ಬಂದು ಹಡಗಿಳಿದ ದಿನ
ಗುಮಾಸ್ತ ಕಿವಿಗೆ ಬಿದ್ದಷ್ಟು ಬರೆದುಕೊಂಡ.
ತಲೆಕಟ್ಟು ಹಾರಿಹೋದ ಆ ಹೆಸರನ್ನೇ ಹೊತ್ತು
ಎಪ್ಪತ್ತು ವರ್ಷ ಬಾಳಿದಳು.
ಕಣ್ಣರೆಪ್ಪೆ ಮಗುಚಿ ನೋಡಿದರಂತೆ, ಕೆಮ್ಮಿಸಿದರಂತೆ;
ವೀಸಾ ಎಲ್ಲಿ ಎನ್ನಲಿಲ್ಲ.
ಇದನ್ನು ಹೇಳುವವರು ಇವತ್ತಿನ ಪಟ್ಟಿಯಲ್ಲಿಲ್ಲ.
ನಾನು ಸಾಕ್ಷಿಯಲ್ಲ.

ಹುಡುಗಿ ಹೇಳಿದ್ದು ಹೆಚ್ಚೇನಲ್ಲ:
ಮೂರು ವರ್ಷದವಳಿದ್ದಾಗ ಬಂದದ್ದು,
ನೆನಪಿರುವುದು ಗಡಿಯಲ್ಲ,
ಬಸ್ಸಿನ ಸೀಟಿನ ಹರುಕಿನಿಂದ ತಾನು ಕಿತ್ತ ಸ್ಪಂಜು.
ಸ್ಕೈಲರಿನ ವೃದ್ಧಾಶ್ರಮದಲ್ಲಿ
ನೆಲ ಒರೆಸಿದರೆ ಯಾರೂ ಕೇಳುವುದಿಲ್ಲ,
ಕಲಿತ ಕೈಯಲ್ಲಿ ನಾಡಿ ಹಿಡಿದರೆ ಅಪರಾಧ.
ಹಳದಿ.
"ಸರದಿ ಅಂದರು. ಅದು ಎಲ್ಲಿದೆ ತೋರಿಸಿ,
ಈಗಲೇ ಹೋಗಿ ಬಾಲದಲ್ಲಿ ನಿಲ್ಲುತ್ತೇನೆ."
ಕೆಂಪು.
ಥೀಸನ್ ತಮ್ಮ ಟೋಪಿಯ ಒಳಗೆ ನೋಡುತ್ತಿದ್ದರು.

ಮತಕ್ಕೆ ಹಾಕಲಿಲ್ಲ. ಮುಂದಿನ ಅಧಿವೇಶನಕ್ಕೆ, ಎಂದರು.

ರಾತ್ರಿ ಮನೆಯಲ್ಲಿ ಕರಡು ತಿದ್ದುವಾಗ
ಪರದೆ ಕೇಳಿತು:
ಈ ಪದ ನಿಘಂಟಿನಲ್ಲಿಲ್ಲ, ಸೇರಿಸಲೇ?
ಕಳೆನಾಶಕಗಳ ಹೆಸರಿಗೆಲ್ಲ ಕಣ್ಣುಮುಚ್ಚಿ ಹೌದೆಂದವಳು
ಇಲ್ಲಿ ಬೆರಳು ಹಿಡಿದೆ.
ಉಳಿಸಿಕೊಟ್ಟಂತೋ, ಹಿಡಿದುಕೊಟ್ಟಂತೋ?
ಆ ತಾಯಿಯ ತಲೆ ಇನ್ನೂ ಆಡುತ್ತಲೇ ಇದೆ.
ಆದರೆ ಹುಡುಗಿ ಕೇಳಿದ್ದು ನನ್ನನ್ನು.

ಗೀಟು ಯಾವ ಕೀಲಿಯಲ್ಲಿದೆಯೆಂದು ಹುಡುಕಲು
ಹತ್ತು ನಿಮಿಷ ಹಿಡಿಯಿತು. ಹಾಕಿದೆ.
ಚಹಾ ಆರಿತ್ತು.
ನಾಳೆ ಒಂಬತ್ತಕ್ಕೆ ನೀರಾವರಿ ಕೊಳವೆಯ ವಿಚಾರಣೆ.