ಇಳಿತದ ಹೊತ್ತು

ನೋಟೀಸು ಬರೆದದ್ದು ನಾನೇ.
ಪಂಚಾಯ್ತಿಯಲ್ಲಿ ನನ್ನ ಅಕ್ಷರವೇ ಚೆಂದ.
ಬಂದರು ಯೋಜನೆ, ಸಾರ್ವಜನಿಕ ಅಹವಾಲು,
ಶಾಲೆಯ ದೊಡ್ಡ ಕೋಣೆ, ಮಧ್ಯಾಹ್ನ ಮೂರೂವರೆ.
ತಾರೀಖಿನ ಕೆಳಗೆ ತಿಥಿ ಬರೆಯುವ ಪದ್ಧತಿ
ಸರ್ಕಾರಕ್ಕಿಲ್ಲ.

ಅಮಾಸೆ ಅದು.
ಅಮಾಸೆಯ ಮೂರೂವರೆಗೆ ಅಘನಾಶಿನಿ
ಮೊಣಕಾಲಿಗಿಳಿದು, ನಡುಹೊಳೆಯ ದಿಬ್ಬ
ಎಮ್ಮೆಯ ಬೆನ್ನಿನ ಹಾಗೆ ಏಳುತ್ತದೆ.
ಆ ದಿನದ ಇನ್ನೊಂದು ಇಳಿತ ನಸುಕಿನ ಕತ್ತಲಲ್ಲಿ,
ಬಳಚು ಯಾವುದು, ಬರೀ ಚಿಪ್ಪು ಯಾವುದು
ಬೆರಳಿಗೂ ತಿಳಿಯದ ಹೊತ್ತು.
ನನಗಿದು ಗೊತ್ತಿತ್ತು. ಏಳನೇ ವರ್ಷಕ್ಕೇ
ಅವ್ವಿಯ ಬುಟ್ಟಿ ಹಿಡಿದು ಸೊಂಟದ ನೀರಲ್ಲಿ ನಿಂತವಳು.

ಆಚೆ ದಡದ ಹರಿಕಂತ್ರರಿಗೂ ನಮಗೂ
ದಿಬ್ಬದ ನಡುವೆ ಗಾಳಿಮರದ ಒಂದು ಗೂಟ.
ಬೈಗುಳ ದಾಟುತ್ತಿತ್ತು, ಕೈ ದಾಟುತ್ತಿರಲಿಲ್ಲ.
ಉಗುರಿಗಿಂತ ಸಣ್ಣದು ಸಿಕ್ಕರೆ ಇಬ್ಬರೂ ಬಿಡುತ್ತಿದ್ದರು.
ಹೋದ ವರ್ಷ ಕಂಪನಿ
ಆಚೆಯವರಿಗೆ ಮಂಜುಗಡ್ಡೆಯ ಯಂತ್ರ ಕೊಟ್ಟಿತು,
ಈಚೆಯವರಿಗೆ ಅದರ ಸುದ್ದಿ.
ಅಲ್ಲಿಂದೀಚೆ ಗೂಟ ಎರಡು ಸಲ ಜರುಗಿದೆ.

ನೂರಿಪ್ಪತ್ತು ಕುರ್ಚಿ, ಬಾಡಿಗೆಯವು.
ಕೂತವರು ಲಾರಿಯ ಹುಡುಗರು, ಮರಳಿನ ಬೋಟಿನವರು,
ಚಾಕ್ಕೆ ಬಂದ ನಾಕು ಮಂದಿ.
ನಕ್ಷೆಯಲ್ಲಿ ಹೊಳೆ ಉದ್ದಕ್ಕೂ ನೀಲಿ, ದಿಬ್ಬವೇ ಇಲ್ಲ.
ಭರತಿಯಲ್ಲಿ ಅಳೆದಿರಬೇಕು.
'ಮೀನುಗಾರರು ಯಾರಾದರೂ?' ಎಂದರು ಸಾಹೇಬರು.
ಜಟ್ಟಪ್ಪ ಎದ್ದ. ಸಂಘದ ಅಧ್ಯಕ್ಷ,
ಹೊಳೆಗಿಳಿದು ಹದಿನೆಂಟು ವರ್ಷ.
'ಬಳಚು ಅಂದ್ರೆ ಹೆಂಗಸರ ಕೆಲಸ, ಸಾರ್.
ಮೀನುಗಾರಿಕೆ ಅಲ್ಲ ಅದು.'

ಕಿಟಕಿಯಾಚೆ, ಮೀನುಗಾರಿಕೆ ಅಲ್ಲದ್ದು
ನಲವತ್ತು ಬೆನ್ನು ಬಾಗಿಸಿ ಕೆಸರು ತಡಕುತ್ತಿತ್ತು.

ನಡಾವಳಿ ಪುಸ್ತಕ ನನ್ನ ತೊಡೆಯ ಮೇಲೆ.
'ಆಕ್ಷೇಪಣೆ ಇರುವುದಿಲ್ಲ' ಎಂದು ಬರೆಯಲು ಹೇಳಿದರು.
ಬರೆದೆ. ಚೆಂದಾಗಿಯೇ.

ಸಂಜೆ ಕೇಳಿದೆ: ಒಬ್ಬರಾದರೂ ಯಾಕೆ ಬರಲಿಲ್ಲ?
ಅವ್ವಿ ಬಳಚು ಒಡೆಯುತ್ತಿದ್ದಳು, ತಲೆ ಎತ್ತಲಿಲ್ಲ.
'ಹೊಳೆ ಯಾರಿಗೆ ಕಾಯ್ತದೆ ಹೆಣ್ಣೇ?
ಭರತಿ ಹೊತ್ತಿಗೆ ಇಟ್ಕಣಿ ಅಂತ ಹೇಳೂಕೆ
ನಿನ್ನ ಬಾಯಿಗೆ ಎಂತ ಆಗಿತ್ತು?'
ಮತ್ತೆ, ಬೇರೆ ಯಾರದೋ ಸುದ್ದಿ ಎಂಬಂತೆ:
'ಇವತ್ತು ಆಚೆಯ ಬೀರಮ್ಮ ಗೂಟ ಕಿತ್ತು
ಹಳೇ ಜಾಗದಲ್ಲೇ ಊರಿದ್ಲು. ಯಾರೂ ಹೇಳ್ದೆ.'

ಲಿಖಿತ ಆಕ್ಷೇಪಣೆಗೆ ಇನ್ನೂ ಒಂಬತ್ತು ದಿನ.
ಅದನ್ನೂ ನಾನೇ ಬರೆದದ್ದು, ಹಲಗೆಯ ಮೂಲೆಯಲ್ಲಿ, ಸಣ್ಣಗೆ.
ಕಚೇರಿಯ ಶಾಯಿಡಬ್ಬಿ ತಂದು
ಅವ್ವಿಯ ಹೆಬ್ಬೆರಳು ಹಿಡಿದೆ.
ಚಿಪ್ಪಿಗೆ ತಾಗಿ ತಾಗಿ ಗೆರೆಗಳೆಲ್ಲ ಸವೆದುಹೋಗಿವೆ.
ಒತ್ತಿದರೆ ಬರೀ ನೀಲಿ,
ನಕ್ಷೆಯ ಹೊಳೆಯ ಹಾಗೆ.