ಪುಟ ಹನ್ನೊಂದು

ಸಿದ್ದಾಪುರದ ಬಸ್ ನಿಲ್ದಾಣದ ಹಿಂದೆ
ಹಂದಿಮಾಂಸದ ಅಂಗಡಿಗೂ ಮೊಬೈಲ್ ರಿಪೇರಿಗೂ ನಡುವೆ
ಎಂಟಡಿ ಅಗಲದ ನನ್ನ ಝೆರಾಕ್ಸ್ ಅಂಗಡಿ.
ಆಧಾರ್ ತಿದ್ದುಪಡಿ, ಲ್ಯಾಮಿನೇಷನ್, ಪಹಣಿ,
ಮದುವೆ ಕಾಗದ, ತಿಥಿ ಕಾಗದ.
ಬೋರ್ಡಿನಲ್ಲಿ ಬರೆಯದೆ ಬಿಟ್ಟದ್ದು ಒಂದೇ:
ಮೂರು ತಿಂಗಳಿಗೊಮ್ಮೆ, ನಲವತ್ತು ಪುಟ,
‘ಉದುರು’.

ಕೊಯ್ಲು ಮುಗಿದ ಮೇಲೆ ಕಾಫಿ ಗಿಡದ ಬುಡದಲ್ಲಿ ಬಿದ್ದಿರುತ್ತದಲ್ಲ,
ಆ ಕಾಳಿನ ಹೆಸರು. ಇಟ್ಟಾಗ ನನಗೆ
ತುಂಬ ಜಾಣತನ ಅನ್ನಿಸಿತ್ತು.

ಕಕ್ಕಡದಲ್ಲಿ ಕಾಗದ ನೀರು ಕುಡಿಯುತ್ತದೆ,
ಮೆಷೀನು ಎರಡೆರಡು ಹಾಳೆ ನುಂಗಿ ಕೆಮ್ಮುತ್ತದೆ.
ರೀಮು ಬಿಚ್ಚಿ ಬಲ್ಬಿನ ಕೆಳಗೆ ಹರಡಿ
ಬಾಣಂತಿಯ ಬೆನ್ನಿಗೆ ಕೊಟ್ಟ ಹಾಗೆ ಕಾವು ಕೊಡುತ್ತೇನೆ.
ಪಿನ್ನು ಹೊಡೆದ ವಾರಕ್ಕೇ ತುಕ್ಕು;
ನಡುಪುಟದಲ್ಲಿ ಯಾವಾಗಲೂ ಎರಡು ಕೆಂಪು ಚುಕ್ಕೆ,
ಹಾವು ಕಚ್ಚಿದ ಗುರುತು.

ಮುನ್ನೂರು ಪ್ರತಿ ಇದ್ದದ್ದು ಈಗ ನೂರೆಂಬತ್ತು.
ಜಾಹೀರಾತು ಒಂದು, ಮೆಣಸಿನ ವ್ಯಾಪಾರಿ ಕುಂಞಾಲಿಯದು:
ದುಡ್ಡಿನ ಬದಲು ಎರಡು ಸೇರು ಕರಿಮೆಣಸು ಕೊಡುತ್ತಾನೆ,
ಅದನ್ನು ಅವನಿಗೇ ಮಾರುತ್ತೇನೆ.

ಹೋಮ್‌ಸ್ಟೇ ನಡೆಸುವ ಬಿದ್ದಪ್ಪ ಹೇಳಿದ್ದ,
ಐವತ್ತು ಪ್ರತಿ ನನಗಿರಲಿ,
ಮಂಜಿನ ಮೇಲೆ ಒಂದೆರಡು ಪದ್ಯ ಹಾಕು ಮಾರಾಯ.
ರಕ್ಷಾಪುಟದ ಒಳಮೈಯಲ್ಲಿ ದಪ್ಪಕ್ಷರದಲ್ಲಿ ಅಚ್ಚು ಮಾಡಿದೆ:
ಮಂಜು, ಕಾವೇರಿ, ಕಾಫಿಹೂವಿನ ಪರಿಮಳ,
ಮೂರಕ್ಕೂ ಇಲ್ಲಿ ಜಾಗವಿಲ್ಲ.
ಬಿದ್ದಪ್ಪ ಈಗ ಮಾತಾಡುವುದಿಲ್ಲ.
ಆ ಐವತ್ತರ ಲೆಕ್ಕ ರಾತ್ರಿ ಒಮ್ಮೊಮ್ಮೆ ಹಾಕುತ್ತೇನೆ.

ಆಸ್ಪತ್ರೆಯ ರಾತ್ರಿಪಾಳಿ ಆಯಾ ಸೆಲ್ವರಾಣಿ
ತನ್ನ ತಮಿಳನ್ನು ಕನ್ನಡ ಲಿಪಿಯಲ್ಲಿ
ಔಷಧಿ ಚೀಟಿಯ ಬೆನ್ನಿಗೆ ಬರೆದು ಕೊಡುತ್ತಾಳೆ.
ಪಿಕಪ್ ಓಡಿಸುವ ಪೂವಪ್ಪ ಅರೆಭಾಷೆಯಲ್ಲಿ
ಫೋನಿಗೆ ಮಾತಾಡಿ ಕಳಿಸುತ್ತಾನೆ,
ಪ್ರಾಸ ಬರಬೇಕಾದಲ್ಲಿ ಹಾರ್ನು.

ಬೊಳಚಿ ಬಂದದ್ದು ಪದ್ಯ ಕೊಡಲಿಕ್ಕಲ್ಲ,
ಕಾರ್ಡಿಗೆ ಪ್ಲಾಸ್ಟಿಕ್ ಹಾಕಿಸಲಿಕ್ಕೆ.
ಕರೆಂಟಿರಲಿಲ್ಲ. ಸ್ಟೂಲಿನ ಮೇಲೆ ಕೂತು ಎಲೆಯಡಿಕೆ ಅಗಿಯುತ್ತ
ತನ್ನಷ್ಟಕ್ಕೆ ಹೇಳಿಕೊಂಡಳು:
ಆನೆಗೆ ಅಂತ ಕಂದಕ ತೋಡಿದೆವು,
ಆನೆ ದಾಟಿತು,
ನಾವು ಈಚೆ ಉಳಿದೆವು,
ಮಗಳ ಹೊಕ್ಕುಳಬಳ್ಳಿ ಆಚೆ ದಡದಲ್ಲುಂಟು.

ಬಿಲ್ ಪುಸ್ತಕದಲ್ಲಿ ಗೀಚಿಕೊಂಡೆ.
ಎರವರ ಮಾತಿನ ಕೆಲವು ಸದ್ದಿಗೆ ನಮ್ಮ ಕಾಗುಣಿತದಲ್ಲಿ ಮನೆಯಿಲ್ಲ;
ಪಕ್ಕದ ಅಕ್ಷರದಲ್ಲಿ ಬಾಡಿಗೆಗೆ ಇಟ್ಟೆ.
ಓದು ಅಂದಳು. ಓದಿದೆ. ನಕ್ಕಳು.
“ನಡುವೆ ನಾನು ಎದ್ದು ಹೋಗಿ ಉಗಿದು ಬಂದೆ. ಅದೆಲ್ಲಿ?”

ಯಾವುದಕ್ಕೆ ಬರೆಯುತ್ತೀ ಅಂತಲೂ ಕೇಳಿದಳು. ಹೆಸರು ಹೇಳಿದೆ.
“ಉದುರಿದ್ದಲ್ಲ ಅದು, ಉದುರಿಸಿದ್ದು.
ಗೆಲ್ಲು ಜಗ್ಗಿ ಕೊಯ್ದರೆ ಬೀಳದೆ ಇರ್ತದಾ?
ಹೆಕ್ಕಿದ್ದಕ್ಕೆ ಕೂಲಿ ಬೇರೆ, ಗೊತ್ತುಂಟಲ್ಲ?”
ಲ್ಯಾಮಿನೇಷನ್ ದುಡ್ಡು ತೆಗೆದುಕೊಳ್ಳಲಿಲ್ಲ.
ಗೌರವಧನ, ಮೂವತ್ತು ರೂಪಾಯಿ
ಅಂತ ಲೆಕ್ಕದಲ್ಲಿ ಬರೆದಿದ್ದೇನೆ.

ಪುಟ ಹನ್ನೊಂದರಲ್ಲಿ
ಆನೆಗೂ ನಮಗೂ ನಡುವೆ
ನಾಲ್ಕು ಬೆರಳಿನಷ್ಟು ಖಾಲಿ ಬಿಟ್ಟೆ.
ಮೈಸೂರಿನ ನಿವೃತ್ತ ಮೇಷ್ಟ್ರೊಬ್ಬರ ಕಾರ್ಡು ಬಂತು:
ಮುದ್ರಣದೋಷ ಗಮನಿಸಿ.

ನಿನ್ನೆ ಮತ್ತೆ ಬಂದಳು.
ಕಾರ್ಡಿನಲ್ಲಿ ಅವಳು ‘ಬೋಲಚೆ, ಪುರುಷ’.
ಎರಡು ತಿಂಗಳಿಂದ ರೇಷನ್ ಇಲ್ಲ.
ಸರಿಮಾಡಲು ದಾಖಲೆ ಬೇಕು ಅಂದೆ.
ಸೆರಗಿನೊಳಗಿಂದ ತೆಗೆದು ಕೌಂಟರಿನ ಮೇಲಿಟ್ಟಳು,
ಒಲೆಯ ಹೊಗೆ ಹಿಡಿದ ಸಂಚಿಕೆ.
ಅದೇ ಪುಟ ತಾನಾಗಿ ತೆರೆದುಕೊಂಡಿತು.
“ಇಲ್ಲಿ ಸರಿ ಉಂಟಂತೆ, ಮೊಮ್ಮಗ ಓದಿದ.
ಇದನ್ನೇ ಕಳಿಸು.”

ಮಾನ್ಯ ದಾಖಲೆಗಳ ಪಟ್ಟಿಯನ್ನು
ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದೆ.
ಆಮೇಲೆ ಗಾಜಿನ ಮೇಲೆ ಪುಟ ಬೋರಲು ಹಾಕಿ
ಮುಚ್ಚಳ ಒತ್ತಿ ಹಿಡಿದೆ.
ಹಸಿರು ಬೆಳಕು ಅಂಚಿನಿಂದ ಅಂಚಿಗೆ
ಒಂದೇ ಸಮನೆ ಸಾಗಿತು,
ಆ ನಾಲ್ಕು ಬೆರಳು ಖಾಲಿಯ ಮೇಲೂ.